ಗಾಳಿಯೇ ಇಲ್ಲದ ಚಂದ್ರನಲ್ಲಿ 120 ಡಿಗ್ರಿ ಎಂದರೆ ಅದು ಯಾವುದರ ಬಿಸಿ?

ವಿಜ್ಞಾನ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಏಳನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಮೊನ್ನೆ ಕಪ್ಪುಹಲಗೆಯ ಮೇಲೆ ‘ಚಂದ್ರ: ಹಗಲು 120 ಡಿಗ್ರಿ, ರಾತ್ರಿ ಮೈನಸ್ 130 ಡಿಗ್ರಿ’ ಎಂದು ಬರೆದು, ಅಲ್ಲಿ ವಾತಾವರಣ ಇಲ್ಲದಿರುವುದೇ ಇದಕ್ಕೆ ಕಾರಣ ಎಂದು ಹೇಳಿ ಮುಂದಿನ ವಿಷಯಕ್ಕೆ ಹೊರಳುವುದರಲ್ಲಿದ್ದೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ಟೀಚರ್, ಇವತ್ತು ಮೂವತ್ತು ಡಿಗ್ರಿ ಎಂದರೆ ಗಾಳಿ ಮೂವತ್ತು ಡಿಗ್ರಿ ಇದೆ ಎಂದು ನೀವೇ ಹೇಳಿಕೊಟ್ಟಿದ್ದೀರಿ. ಅಲ್ಲಿ ಗಾಳಿಯೇ ಇಲ್ಲವಲ್ಲ. ಹಾಗಾದರೆ 120 ಡಿಗ್ರಿ ಇರುವುದು ಯಾವುದು?”

ನೆಲ ಎಂದೆ. ಅವಳು ಬಿಡಲಿಲ್ಲ. “ಎಷ್ಟು ಆಳದ ನೆಲ? ಒಳಗೂ ಅಷ್ಟೇ ಬಿಸಿಯೇ? ರಾತ್ರಿಯಾದ ಮೇಲೆ ಆ ಬಿಸಿಯೆಲ್ಲ ಎಲ್ಲಿಗೆ ಹೋಗುತ್ತದೆ?” ನಾಳೆ ಹೇಳುತ್ತೇನೆ ಎಂದು ಮಾತು ಕೊಟ್ಟು ಮನೆಗೆ ಬಂದೆ. ಓದುತ್ತ ಹೋದಂತೆ ಗೊಂದಲ ಹೆಚ್ಚಾಯಿತು. ಒಂದು ಕಡೆ 107 ಮತ್ತು ಮೈನಸ್ 153 ಎಂದಿದೆ, ಇನ್ನೊಂದು ಕಡೆ 127 ಮತ್ತು ಮೈನಸ್ 173. ಮತ್ತೊಂದು ಲೇಖನದಲ್ಲಿ ಮೈನಸ್ 247 ಎಂದೂ ಕಂಡಿತು. ಇವುಗಳಲ್ಲಿ ಯಾವುದು ಸರಿ? ಭೂಮಿಯೂ ಚಂದ್ರನೂ ಸೂರ್ಯನಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಗಾಳಿ ಇಲ್ಲ ಎಂಬ ಒಂದೇ ಕಾರಣಕ್ಕೆ ಇನ್ನೂರೈವತ್ತು, ಮುನ್ನೂರು ಡಿಗ್ರಿಗಳ ಏರಿಳಿತ ಆಗಿಬಿಡುತ್ತದೆಯೇ?

ಆ ಮಗುವಿಗೆ ಅರೆಬರೆ ಉತ್ತರ ಕೊಡಲು ಮನಸ್ಸಿಲ್ಲ. ತಿಳಿದವರು ದಯವಿಟ್ಟು ಬರೆಯಿರಿ.

ಹೊಸ_ಓದುಗ

ನನಗಿರುವ ತಿಳಿವಳಿಕೆ ಇಷ್ಟು: ಚಂದ್ರ ಯಾವಾಗಲೂ ಒಂದೇ ಮುಖವನ್ನು ನಮ್ಮ ಕಡೆಗೆ ತೋರಿಸುತ್ತದೆ. ಆದ್ದರಿಂದ ಆಚೆಯ ಮುಖಕ್ಕೆ ಬಿಸಿಲೇ ಬೀಳುವುದಿಲ್ಲ, ಅದಕ್ಕೇ ಅಷ್ಟು ಚಳಿ. ಹೌದಲ್ಲವೇ? ತಪ್ಪಿದ್ದರೆ ತಿದ್ದಿ.

ದುರ್ಬೀನು

ಇದು ತುಂಬ ಜನರಲ್ಲಿರುವ ತಪ್ಪು ಕಲ್ಪನೆ. ಕೇಳಿದ್ದು ಒಳ್ಳೆಯದಾಯಿತು. ಆಚೆಯ ಮುಖ ನಮ್ಮ ಕಣ್ಣಿಗೆ ಮರೆಯಾಗಿದೆಯೇ ಹೊರತು ಸೂರ್ಯನಿಗೆ ಮರೆಯಾಗಿಲ್ಲ. ಚಂದ್ರ ಸೂರ್ಯನೆದುರು ಒಂದು ಸುತ್ತು ತಿರುಗಲು 29.5 ದಿನ ತೆಗೆದುಕೊಳ್ಳುತ್ತದೆ. ಈಚೆ ಇರಲಿ, ಆಚೆ ಇರಲಿ, ಪ್ರತಿ ಜಾಗಕ್ಕೂ ಸುಮಾರು ಹದಿನಾಲ್ಕೂಮುಕ್ಕಾಲು ದಿನ ಹಗಲು, ಅಷ್ಟೇ ದೀರ್ಘ ರಾತ್ರಿ. ನಮಗೆ ಅಮಾವಾಸ್ಯೆಯಾದಾಗ ಆಚೆಯ ಮುಖದ ಮೇಲೆ ಪೂರ್ತಿ ಬಿಸಿಲಿರುತ್ತದೆ.

ಟೀಚರ್, ಮಕ್ಕಳಿಗೆ ಇದನ್ನು ಆಕಾಶದಲ್ಲೇ ತೋರಿಸಬಹುದು. ಹುಣ್ಣಿಮೆಯ ಚಂದ್ರನ ನಟ್ಟನಡುವೆ ಬೆರಳಿಟ್ಟು ತೋರಿಸಿ. ಆ ಹೊತ್ತಿಗೆ ಅಲ್ಲಿ ನಡುಹಗಲು; ನೀವು ಹಲಗೆಯ ಮೇಲೆ ಬರೆದ 120 ಡಿಗ್ರಿ ಆಗ ಅಲ್ಲಿರುತ್ತದೆ. ಅಂಚಿನ ಕಡೆಗೆ ಹೋದಂತೆಲ್ಲ ಬಿಸಿಲು ಓರೆಯಾಗುತ್ತದೆ, ನೆಲ ತಣ್ಣಗಾಗುತ್ತ ಹೋಗುತ್ತದೆ. ಅಷ್ಟಮಿಯ ಚಂದ್ರನಲ್ಲಿ ಬೆಳಕು ಮತ್ತು ಕತ್ತಲೆ ಸೇರುವ ಗೆರೆ ಇದೆಯಲ್ಲ, ಶುಕ್ಲಪಕ್ಷದಲ್ಲಿ ಅದು ಸೂರ್ಯೋದಯದ ಗೆರೆ. ಆ ಗೆರೆ ಚಂದ್ರನ ಸಮಭಾಜಕದ ಮೇಲೆ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ಸರಿಯುತ್ತದೆ. ಸೈಕಲ್ ತುಳಿಯುವವನೊಬ್ಬ ಅದರ ಜೊತೆಜೊತೆಗೇ ಸಾಗಬಹುದು. ಸೂರ್ಯನ ಬಿಂಬ ಕ್ಷಿತಿಜವನ್ನು ಮುಟ್ಟಿದ ಮೇಲೆ ಪೂರ್ತಿ ಮುಳುಗುವುದಕ್ಕೇ ಅಲ್ಲಿ ಒಂದು ಗಂಟೆ ಬೇಕು. ನಾನು ದುರ್ಬೀನಿನಲ್ಲಿ ಈ ಗೆರೆಯನ್ನು ಎಷ್ಟೋ ರಾತ್ರಿ ಕಾದು ನೋಡಿದ್ದೇನೆ. ಕುಳಿಯೊಂದರ ತಳವೆಲ್ಲ ಕಪ್ಪಾಗಿರುವಾಗ ಅದರ ನಡುವಿನ ಬೆಟ್ಟದ ತುದಿ ಮಾತ್ರ ಒಂದು ಚುಕ್ಕಿಯಾಗಿ ಹೊಳೆಯತೊಡಗುತ್ತದೆ. ಆ ತುದಿಗೆ ಬಿಸಿಲು ಬಂದಿದೆ; ಬುಡ ಇನ್ನೂ ಹದಿನೈದು ದಿನಗಳ ರಾತ್ರಿಯ ಕಡೆಯ ಚಳಿಯಲ್ಲಿದೆ.

ಅಂಕಿಗಳ ವಿಚಾರಕ್ಕೆ ಬಂದರೆ, ಸಮಭಾಜಕದ ನಡುಹಗಲಿಗೆ ಸುಮಾರು 120 ಎನ್ನುವುದು ಸರಿ. ಅದೇ ಜಾಗ ಬೆಳಗಾಗುವ ಮುನ್ನ ಮೈನಸ್ 170ರ ಆಚೀಚೆಗೆ ಇಳಿದಿರುತ್ತದೆ. ಉಳಿದ ಅಂಕಿಗಳಲ್ಲಿ ಕೆಲವು ಸರಾಸರಿ, ಕೆಲವು ಬೇರೆ ಅಕ್ಷಾಂಶದವು, ಕೆಲವು ರಾತ್ರಿಯ ಬೇರೆ ಹೊತ್ತಿನವು. ಮೈನಸ್ 247ರ ಕಥೆಯೇ ಬೇರೆ, ಅದನ್ನು ಆಮೇಲೆ ಬರೆಯುತ್ತೇನೆ.

ಶೀತಟ್ಯಾಂಕ್

ಮೇಡಂ, ‘ಎಷ್ಟು ಆಳದ ನೆಲ’ ಎಂದು ನಿಮ್ಮ ವಿದ್ಯಾರ್ಥಿನಿ ಕೇಳಿದಳಲ್ಲ, ಇಡೀ ವಿಷಯದ ಕೀಲಿ ಅದೇ. ಅವಳಿಗೆ ನನ್ನ ಮೆಚ್ಚುಗೆ ತಿಳಿಸಿ. ನಾನು ಖಗೋಳ ಓದಿದವನಲ್ಲ. ಇಪ್ಪತ್ತೆರಡು ವರ್ಷ ದ್ರವ ಸಾರಜನಕ ಮತ್ತು ದ್ರವ ಆಮ್ಲಜನಕದ ಟ್ಯಾಂಕ್‌ಗಳ ನಿರ್ವಹಣೆಯಲ್ಲಿ ಕೆಲಸ ಮಾಡಿದ್ದೇನೆ. ಚಂದ್ರನ ನೆಲ ನನಗೆ ಅರ್ಥವಾದದ್ದು ಆ ಟ್ಯಾಂಕ್‌ಗಳಿಂದ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ದ್ರವ ಸಾರಜನಕ ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತದೆ. ಅದನ್ನು ತುಂಬುವ ಟ್ಯಾಂಕ್‌ಗೆ ಎರಡು ಗೋಡೆ. ನಡುವಿನ ಜಾಗದಲ್ಲಿ ಪರ್ಲೈಟ್ ಎಂಬ ಬಿಳಿಯ ಪುಡಿಯನ್ನು ತುಂಬಿ, ಪಂಪ್ ಹಾಕಿ ಗಾಳಿಯನ್ನೆಲ್ಲ ಎಳೆದುಬಿಡುತ್ತಾರೆ. ಒಳಗೆ ಅಂಥ ಚಳಿ ಇದ್ದರೂ ಹೊರಗಿನ ಗೋಡೆಯನ್ನು ಕೈಯಿಂದ ಮುಟ್ಟಿದರೆ ತಂಪೂ ಅನ್ನಿಸುವುದಿಲ್ಲ. ಒಂದು ಬೆಳಗ್ಗೆ ಕೆಲಸಕ್ಕೆ ಬಂದು ನೋಡುತ್ತೇನೆ, ಒಂದು ಟ್ಯಾಂಕ್‌ನ ಹೊರಮೈ ತುಂಬ ಬೆಳ್ಳಗೆ ಹಿಮ ಕಟ್ಟಿದೆ, ಬುಡದಲ್ಲಿ ನೀರು ತೊಟ್ಟಿಕ್ಕುತ್ತಿದೆ. ಮೇಲಿನ ಕವಾಟದಿಂದ ಅನಿಲ ಶಬ್ದ ಮಾಡುತ್ತ ಹೊರಗೆ ಹೋಗುತ್ತಿತ್ತು. ಒಂದು ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ಗೋಡೆಗಳ ನಡುವೆ ಗಾಳಿ ನುಗ್ಗಿತ್ತು. ಪುಡಿ ಅದೇ ಪುಡಿ, ದಪ್ಪವೂ ಅಷ್ಟೇ. ಗಾಳಿ ಸೇರಿದ್ದಷ್ಟಕ್ಕೇ ಶಾಖ ಹಾಯುವುದು ಹತ್ತಾರು ಪಟ್ಟು ಹೆಚ್ಚಿತ್ತು. ಪುಡಿಯ ಕಣಗಳು ಒಂದಕ್ಕೊಂದು ತಾಗುವುದು ಸೂಜಿಮೊನೆಯಷ್ಟು ಜಾಗದಲ್ಲಿ. ಅಷ್ಟು ಇಕ್ಕಟ್ಟಾದ ದಾರಿಯಲ್ಲಿ ಶಾಖ ನುಸುಳುವುದು ಕಷ್ಟ. ಕಣಗಳ ಸಂದಿಯಲ್ಲಿ ಗಾಳಿ ಇದ್ದರೆ ಅದೇ ಶಾಖವನ್ನು ಹೊತ್ತು ದಾಟಿಸಿಬಿಡುತ್ತದೆ.

ಈಗ ಚಂದ್ರನನ್ನು ನೋಡಿ. ಉಲ್ಕೆಗಳ ಹೊಡೆತಕ್ಕೆ ಕೋಟ್ಯಂತರ ವರ್ಷಗಳಿಂದ ನುರಿದು ಹಿಟ್ಟಾದ ದೂಳು ಅಲ್ಲಿಯ ಮೇಲ್ಮೈ. ರೆಗೊಲಿತ್ ಎನ್ನುತ್ತಾರೆ. ಅದರ ಸಂದಿಗಳಲ್ಲಿ ಗಾಳಿ ಇಲ್ಲ. ಗಾಳಿ ತೆಗೆದ ಪರ್ಲೈಟ್ ಹೇಗೋ ಅದೂ ಹಾಗೆ. ಅಲುಗಾಡದೆ ನಿಂತ ಗಾಳಿಗೆ ಹೋಲಿಸಿದರೂ ಅದರ ಮೇಲ್ಪದರ ಶಾಖವನ್ನು ಸಾಗಿಸುವುದರಲ್ಲಿ ಇಪ್ಪತ್ತು ಪಟ್ಟಿಗೂ ಹೆಚ್ಚು ಹಿಂದೆ. ಇಡೀ ಚಂದ್ರ ಒಂದು ಟ್ಯಾಂಕ್‌ನಂತೆ ಈ ಪುಡಿಯನ್ನು ಹೊದ್ದುಕೊಂಡಿದೆ.

ನಡುಹಗಲಿನಲ್ಲಿ ಪ್ರತಿ ಚದರ ಮೀಟರ್ ಮೇಲೆ ಸುಮಾರು 1,360 ವ್ಯಾಟ್ ಬಿಸಿಲು ಬೀಳುತ್ತದೆ. ಚಂದ್ರನ ನೆಲ ನಮಗೆ ಬೆಳ್ಳಗೆ ಕಂಡರೂ ನಿಜಕ್ಕೂ ಕಡುಗಪ್ಪು ಬಣ್ಣದ್ದು, ಬಿದ್ದದ್ದರಲ್ಲಿ ನೂರಕ್ಕೆ 88ರಷ್ಟನ್ನು ಹೀರಿಕೊಳ್ಳುತ್ತದೆ. ಆ ಶಾಖಕ್ಕೆ ಕೆಳಗೆ ಇಳಿಯಲು ದಾರಿ ಇಲ್ಲ, ಎತ್ತಿಕೊಂಡು ಹೋಗಲು ಗಾಳಿಯೂ ಇಲ್ಲ. ಉಳಿದಿರುವುದು ಒಂದೇ ದಾರಿ: ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಮೇಲಕ್ಕೆ ಸೂಸುವುದು. ಹೀರಿದಷ್ಟನ್ನೂ ಹಾಗೆ ಸೂಸಬೇಕಾದರೆ ದೂಳಿನ ತೊಗಲು 120 ಡಿಗ್ರಿಯ ಹತ್ತಿರಕ್ಕೆ ಕಾಯಲೇಬೇಕು. ನಿಮ್ಮ 120 ಡಿಗ್ರಿ ಆ ತೊಗಲಿನದು.

ಸೂರ್ಯ ಮುಳುಗಿದ ಮೇಲೆ ಬರುವ ಶಾಖ ನಿಂತುಹೋಗುತ್ತದೆ, ಸೂಸುವುದು ನಿಲ್ಲುವುದಿಲ್ಲ. ಒಳಗಿನಿಂದ ಬಿಸಿ ಮೇಲಕ್ಕೆ ಬರೋಣವೆಂದರೆ ಆ ಪುಡಿ ಬಿಡುವುದಿಲ್ಲ. ಹಾಗಾಗಿ ತೊಗಲು ಧಡಕ್ಕನೆ ತಣ್ಣಗಾಗುತ್ತದೆ. ಆದರೆ ಇಲ್ಲಿ ಇನ್ನೊಂದು ವಿಚಾರವಿದೆ. ಬಿಸಿ ವಸ್ತು ಸೂಸುವಷ್ಟು ತಣ್ಣನೆಯ ವಸ್ತು ಸೂಸಲಾರದು. ಕೆಲ್ವಿನ್ ಲೆಕ್ಕದಲ್ಲಿ, ಅಂದರೆ ಮೈನಸ್ 273 ಡಿಗ್ರಿಯನ್ನು ಸೊನ್ನೆ ಎಂದು ಹಿಡಿದು ಎಣಿಸಿದಾಗ, ಉಷ್ಣತೆ ಇಮ್ಮಡಿಯಾದರೆ ಸೂಸುವ ಶಕ್ತಿ ಹದಿನಾರು ಪಟ್ಟಾಗುತ್ತದೆ. ನಡುಹಗಲಿನಲ್ಲಿ ಚದರ ಮೀಟರಿಗೆ 1,200 ವ್ಯಾಟ್ ಸೂಸುತ್ತಿದ್ದ ನೆಲ ರಾತ್ರಿಯ ಕೊನೆಯಲ್ಲಿ ಐದಾರು ವ್ಯಾಟ್ ಸೂಸಿದರೆ ಹೆಚ್ಚು. ಆದ್ದರಿಂದ ಕುಸಿತವೆಲ್ಲ ಮಧ್ಯಾಹ್ನದ ನಂತರ ಮತ್ತು ಸೂರ್ಯಾಸ್ತದ ಆಸುಪಾಸಿನಲ್ಲೇ ಆಗಿಹೋಗುತ್ತದೆ. ಆಮೇಲಿನ ಎರಡು ವಾರ ಇಳಿಯುವುದು ನಿಧಾನವಾಗಿ, ಸ್ವಲ್ಪ ಸ್ವಲ್ಪವೇ. ಭೂಮಿಯ ರಾತ್ರಿ ಚಿಕ್ಕದು, ಕಡಲಿಗೂ ತೇವದ ಮಣ್ಣಿಗೂ ಹಗಲಿನ ಶಾಖವನ್ನು ಆಳಕ್ಕೆ ಇಳಿಸಿಕೊಂಡು ಇಟ್ಟುಕೊಳ್ಳುವ ಶಕ್ತಿ ಇದೆ, ನೆಲ ಸೂಸಿದ್ದರಲ್ಲಿ ಬಹುಪಾಲನ್ನು ಗಾಳಿಯಲ್ಲಿನ ನೀರಾವಿ ಹಿಡಿದು ಹಿಂದಿರುಗಿಸುತ್ತದೆ. ‘ಗಾಳಿ ಇಲ್ಲ’ ಎಂಬ ಮಾತು ತಪ್ಪಲ್ಲ ಮೇಡಂ. ಆದರೆ ತಲೆಯ ಮೇಲೆ ಗಾಳಿ ಇಲ್ಲದಿರುವುದು ಎಷ್ಟು ಮುಖ್ಯವೋ ಕಾಲಡಿಯ ದೂಳಿನ ಸಂದಿಯಲ್ಲಿ ಗಾಳಿ ಇಲ್ಲದಿರುವುದೂ ಅಷ್ಟೇ ಮುಖ್ಯ. ಪಾಠದಲ್ಲಿ ಈ ಎರಡನೆಯದನ್ನು ಯಾರೂ ಹೇಳುವುದಿಲ್ಲ.

ಇನ್ನು ಆಳ. 1971ರಲ್ಲಿ ಅಪೊಲೊ 15, 1972ರಲ್ಲಿ ಅಪೊಲೊ 17ರ ಯಾನಿಗಳು ನೆಲ ಕೊರೆದು ಉಷ್ಣಮಾಪಕಗಳನ್ನು ಇಳಿಸಿದರು. ಕೆಲಸ ಸುಲಭವಾಗಿರಲಿಲ್ಲ. ಅಪೊಲೊ 15ರಲ್ಲಿ ಡೇವಿಡ್ ಸ್ಕಾಟ್ ಎಷ್ಟು ಒತ್ತಿದರೂ ಬೈರಿಗೆ ಅಂದುಕೊಂಡಷ್ಟು ಆಳಕ್ಕೆ ಹೋಗಲಿಲ್ಲ. ಅಪೊಲೊ 16ರಲ್ಲಿ ಜಾನ್ ಯಂಗ್ ಅವರ ಕಾಲಿಗೆ ತಂತಿ ಸಿಕ್ಕಿ ಕಿತ್ತುಹೋಗಿ ಆ ಪ್ರಯೋಗವೇ ಕೈತಪ್ಪಿತು. ಉಳಿದ ಎರಡು ಕಡೆಯಿಂದ 1977ರವರೆಗೂ ಅಳತೆಗಳು ಬಂದವು. ಮೇಲೆ ಇನ್ನೂರೈವತ್ತು ಡಿಗ್ರಿಗೂ ಮೀರಿದ ಏರಿಳಿತ ನಡೆಯುತ್ತಿದ್ದರೂ 80 ಸೆಂಟಿಮೀಟರ್ ಕೆಳಗೆ ಹಗಲು ರಾತ್ರಿಗಳ ಸುಳಿವೇ ಇರಲಿಲ್ಲ. ಹೆಚ್ಚೆಂದರೆ ಎರಡು ಮೊಳ ಎನ್ನಿ. ಅಲ್ಲಿ ವರ್ಷಪೂರ್ತಿ ಸುಮಾರು ಮೈನಸ್ 20 ಡಿಗ್ರಿ, ಅಷ್ಟೆ.

ನಮ್ಮ ಚಂದ್ರಯಾನ-3 ಇದನ್ನು ಇನ್ನೂ ಹತ್ತಿರದಿಂದ ತೋರಿಸಿತು. 2023ರ ಆಗಸ್ಟ್ 23ರಂದು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಇಳಿದ ವಿಕ್ರಮ್, ಹತ್ತು ಸಂವೇದಕಗಳಿದ್ದ ಚಾಸ್ಟೆ ಎಂಬ ಶಲಾಕೆಯನ್ನು ಮೆಲ್ಲಗೆ ದೂಳಿಗೆ ಚುಚ್ಚಿತು. ನಾಲ್ಕೇ ದಿನಗಳಲ್ಲಿ ಇಸ್ರೊ ಮೊದಲ ನಕ್ಷೆಯನ್ನು ಪ್ರಕಟಿಸಿದಾಗ ನಾನು ಅದನ್ನು ಮುದ್ರಿಸಿ ಮೇಜಿನ ಮೇಲೆ ಇಟ್ಟುಕೊಂಡೆ. ಮೇಲೆ ಐವತ್ತು ಡಿಗ್ರಿ ದಾಟಿದ ಬಿಸಿ, 8 ಸೆಂಟಿಮೀಟರ್ ಕೆಳಗೆ ಮೈನಸ್ 10. ಮಕ್ಕಳಿಗೆ ನಾಲ್ಕು ಬೆರಳು ಜೋಡಿಸಿ ಹಿಡಿಯಲು ಹೇಳಿ. ಆ ನಾಲ್ಕು ಬೆರಳಗಲದಲ್ಲಿ ಅರವತ್ತು ಡಿಗ್ರಿಯ ವ್ಯತ್ಯಾಸ. ನನ್ನ ಟ್ಯಾಂಕ್‌ನ ಗೋಡೆಯಲ್ಲಿ ನಾನು ವರ್ಷಗಟ್ಟಲೆ ಕಂಡದ್ದು ಇದನ್ನೇ.

ವಿಜ್ಞಾನ_ಟೀಚರ್

ಹೇಗೆ ಧನ್ಯವಾದ ಹೇಳಲಿ ತಿಳಿಯದು. ಇವತ್ತು ಪಾಠದ ಅವಧಿ ಪೂರ್ತಿ ಇದಕ್ಕೇ ಹೋಯಿತು. ಟ್ಯಾಂಕ್‌ನ ಕಥೆ ಹೇಳಿದೆ, ನಾಲ್ಕು ಬೆರಳು ಜೋಡಿಸಿ ತೋರಿಸಿದೆ. ಇಡೀ ತರಗತಿ ತಮ್ಮ ತಮ್ಮ ಕೈ ನೋಡಿಕೊಳ್ಳುತ್ತ ಕುಳಿತಿತ್ತು.

ಆ ಹುಡುಗಿಯ ಬಳಿ ಮತ್ತೆ ಎರಡು ಪ್ರಶ್ನೆಗಳಿದ್ದವು. ಮೇಲಿನ 120 ಮತ್ತು ಮೈನಸ್ 170ರ ನಡುವಿನ ಅಂಕಿ ಮೈನಸ್ 25 ಆಗುತ್ತದೆ, ಆಳದಲ್ಲಿ ಮೈನಸ್ 20 ಇರುವುದು ಅದಕ್ಕೇ ಇರಬೇಕು ಎಂದು ಅವಳೇ ಲೆಕ್ಕ ಹಾಕಿದ್ದಾಳೆ. ಸರಿಯೇ? ಎರಡನೆಯದು, ವಿಕ್ರಮ್ ರಾತ್ರಿಯಾದ ಮೇಲೆ ಏಕೆ ಏಳಲಿಲ್ಲ? ನೆಲದೊಳಗೆ ಹೂತಿಟ್ಟಿದ್ದರೆ ಉಳಿಯುತ್ತಿತ್ತೇ?

ಶೀತಟ್ಯಾಂಕ್

ಅವಳು ಕೂಡಿ ಭಾಗಿಸಿದ ಲೆಕ್ಕ ತಪ್ಪಿಲ್ಲ, ಆದರೆ ಅಂಕಿಗಳು ಹತ್ತಿರ ಬಂದದ್ದು ಆಕಸ್ಮಿಕ. ಅಪೊಲೊ ಇಳಿದ ಆ ಜಾಗಗಳ ಮೇಲ್ಮೈಯನ್ನು ತಿಂಗಳು ಪೂರ್ತಿ ಅಳೆದು ಸರಾಸರಿ ತೆಗೆದರೆ ಮೈನಸ್ 60ರ ಹತ್ತಿರ ಬರುತ್ತದೆ. ನೆಲ ನಡುಹಗಲಿನ ಬಿಸಿಯಲ್ಲಿರುವ ಹೊತ್ತು ಕಡಿಮೆ, ಕೊರೆಯುವ ಚಳಿಯಲ್ಲಿರುವ ಹೊತ್ತು ಹೆಚ್ಚು. ಹಾಗಿದ್ದೂ ಆಳ ಅದಕ್ಕಿಂತ ನಲವತ್ತು ಡಿಗ್ರಿ ಬೆಚ್ಚಗಿದೆ. ಈ ವಿಚಾರ ನನಗೆ ಬಹಳ ಇಷ್ಟ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗಾಳಿ ಇಲ್ಲದ ಪುಡಿಯಲ್ಲಿ ಶಾಖಕ್ಕೆ ಎರಡು ದಾರಿ: ಒಂದು ಕಣಗಳು ತಾಗುವ ಮೊನೆಯ ಮೂಲಕ, ಇನ್ನೊಂದು ಒಂದು ಕಣ ಸೂಸಿದ್ದನ್ನು ಎದುರಿನ ಕಣ ಹೀರುವ ಮೂಲಕ. ಈ ಎರಡನೆಯ ದಾರಿ ಪುಡಿ ಬಿಸಿಯಾದಷ್ಟೂ ಅಗಲವಾಗುತ್ತದೆ. ಹಗಲಿನಲ್ಲಿ ಮೇಲ್ಪದರ ಕಾದಾಗ ಶಾಖ ಒಳಗಿಳಿಯಲು ಹಾದಿ ತೆರೆಯುತ್ತದೆ. ರಾತ್ರಿ ಅದೇ ಪದರ ಮೈನಸ್ ನೂರನ್ನು ದಾಟಿ ತಣ್ಣಗಾದಾಗ ಆ ಹಾದಿ ಮುಚ್ಚಿಬಿಡುತ್ತದೆ. ಒಳಗೆ ಬಂದ ಶಾಖಕ್ಕೆ ಅಷ್ಟೇ ಸಲೀಸಾಗಿ ಹೊರಗೆ ಹೋಗಲಾಗುವುದಿಲ್ಲ. ಹೀಗೆ ನೆಲದ ಒಳಗು ಮೇಲಿನ ಸರಾಸರಿಗಿಂತ ಬೆಚ್ಚಗೆ ಉಳಿಯುತ್ತದೆ. ಒಂದೇ ಕಡೆಗೆ ತೆರೆಯುವ ಕವಾಟವನ್ನು ಯಾರೂ ಅಲ್ಲಿ ಕೂರಿಸಿಲ್ಲ, ಬರೀ ದೂಳೇ ಆ ಕೆಲಸ ಮಾಡುತ್ತಿದೆ.

ವಿಕ್ರಮ್ ಮತ್ತು ಪ್ರಜ್ಞಾನ್ ಸೌರಶಕ್ತಿಯಿಂದ ನಡೆಯುವಂಥವು. ಒಂದು ಚಾಂದ್ರ ಹಗಲಿಗೆಂದು ಕಟ್ಟಿದ್ದವು. ಆ ಕೆಲಸವನ್ನು ಪೂರ್ತಿ ಮಾಡಿ ಮುಗಿಸಿದವು. 2023ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಬ್ಯಾಟರಿ ತುಂಬಿಸಿ ಅವುಗಳನ್ನು ಮಲಗಿಸಿದರು. 22ರಂದು ಕರೆದಾಗ ಮರುದನಿ ಬರಲಿಲ್ಲ. ಅಂಥ ಚಳಿಯಲ್ಲಿ ಬ್ಯಾಟರಿಯೊಳಗಿನ ದ್ರವ ಹೆಪ್ಪುಗಟ್ಟುತ್ತದೆ. ಲೋಹ ಒಂದು ಪ್ರಮಾಣದಲ್ಲಿ, ಪ್ಲಾಸ್ಟಿಕ್ ಇನ್ನೊಂದು ಪ್ರಮಾಣದಲ್ಲಿ ಕುಗ್ಗುವುದರಿಂದ ಬೆಸುಗೆಗಳು ಸೀಳುತ್ತವೆ. ರಾತ್ರಿಯನ್ನು ದಾಟಬೇಕೆಂದರೆ ಬಿಸಿಯ ಮೂಲವನ್ನು ಜೊತೆಗೇ ಒಯ್ಯಬೇಕು. 1970ರ ನವೆಂಬರ್‌ನಲ್ಲಿ ಇಳಿದ ಸೋವಿಯತ್ ಒಕ್ಕೂಟದ ಲುನೊಖೋದ್ 1 ತನ್ನೊಳಗೆ ಪೊಲೊನಿಯಮ್ ಇಟ್ಟುಕೊಂಡಿತ್ತು. ರಾತ್ರಿಯಾಗುತ್ತಲೇ ಸೌರಫಲಕವಿದ್ದ ಮುಚ್ಚಳವನ್ನು ಪೆಟ್ಟಿಗೆಯಂತೆ ಮುಚ್ಚಿಕೊಂಡು, ಬೆಳಗಾದಾಗ ತೆರೆಯುತ್ತಿತ್ತು. ಹತ್ತು ತಿಂಗಳು ಹಾಗೆ ಬಾಳಿತು. ಆಚೆಯ ಮುಖದಲ್ಲಿ 2019ರಲ್ಲಿ ಇಳಿದ ಚೀನಾದ ಚಾಂಗ್‌ಇ-4 ಕೂಡ ಬಿಸಿ ಕೊಡುವ ವಿಕಿರಣಶೀಲ ವಸ್ತುವನ್ನು ಒಯ್ದಿತ್ತು. ಮೊದಲ ರಾತ್ರಿಯಲ್ಲೇ ಅದು ಮೈನಸ್ 190ನ್ನು ಅಳೆಯಿತು. ಜಪಾನಿನ ಸ್ಲಿಮ್ ಮಾತ್ರ ನನ್ನನ್ನು ಬೆರಗುಗೊಳಿಸಿತು. ರಾತ್ರಿಗೆಂದು ಕಟ್ಟದಿದ್ದರೂ 2024ರಲ್ಲಿ ಅದು ಮೂರು ರಾತ್ರಿಗಳನ್ನು ದಾಟಿ ಎದ್ದಿತು.

ಹೂತಿಟ್ಟರೆ? ಚಳಿಯಿಂದ ಉಳಿಯುತ್ತದೆ, ಬಿಸಿಲು ಸಿಗುವುದಿಲ್ಲ. ಯಂತ್ರಕ್ಕೆ ಅದು ಆಗದು. ಆದರೆ ಮುಂದೆ ಅಲ್ಲಿ ಮನುಷ್ಯರು ಇರುವ ಮನೆಯ ಮೇಲೆ ದೂಳು ಸುರಿಯಬೇಕು ಎಂದು ಯೋಜನೆ ಹಾಕುವವರು ಅವಳಂತೆಯೇ ಯೋಚಿಸುತ್ತಿದ್ದಾರೆ. ಅಪೊಲೊ 11 ಇಳಿದ ಪ್ರಶಾಂತತೆಯ ಸಾಗರದಲ್ಲೇ ನೂರು ಮೀಟರ್ ಆಳದ ಒಂದು ಗುಂಡಿ ಇದೆ. ಅದರ ಅಂಚಿನ ಕೆಳಗೆ ಸದಾ ನೆರಳಿರುವ ಭಾಗದಲ್ಲಿ ಹಗಲೂ ರಾತ್ರಿಯೂ 17 ಡಿಗ್ರಿಯ ಆಸುಪಾಸು ಇರುತ್ತದೆ ಎಂದು 2022ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದರು. ಸ್ವೆಟರ್ ಒಂದನ್ನು ಹಾಕಿಕೊಂಡರೆ ಸಾಕಾಗುವಷ್ಟು ಚಳಿ.

ದುರ್ಬೀನು

ಮೈನಸ್ 247ರ ಬಗ್ಗೆ ಹೇಳುತ್ತೇನೆಂದಿದ್ದೆ. ಚಂದ್ರನ ಅಕ್ಷ ಒಂದೂವರೆ ಡಿಗ್ರಿಯಷ್ಟೇ ಓರೆ. ಆದ್ದರಿಂದ ಧ್ರುವಗಳ ಬಳಿ ಸೂರ್ಯ ಯಾವಾಗಲೂ ಕ್ಷಿತಿಜದ ಮೇಲೇ ತೆವಳುತ್ತಾನೆ. ಅಲ್ಲಿನ ಕೆಲವು ಆಳವಾದ ಕುಳಿಗಳ ತಳಕ್ಕೆ ಎಷ್ಟೋ ಕೋಟಿ ವರ್ಷಗಳಿಂದ ಬಿಸಿಲು ಬಿದ್ದೇ ಇಲ್ಲ. 2009ರಲ್ಲಿ ನಾಸಾ ಹಾರಿಸಿದ, ಚಂದ್ರನನ್ನು ಸುತ್ತುವ ಎಲ್‌ಆರ್‌ಒ ನೌಕೆಯ ಡಿವೈನರ್ ಉಪಕರಣ ಉತ್ತರ ಧ್ರುವದ ಹತ್ತಿರದ ಹರ್ಮೈಟ್ ಕುಳಿಯಲ್ಲಿ ಮೈನಸ್ 247 ಡಿಗ್ರಿಯನ್ನು ಅಳೆಯಿತು. ಪ್ಲೂಟೊದ ಮೇಲ್ಮೈಗಿಂತಲೂ ಹೆಚ್ಚಿನ ಚಳಿ. ಅದು ರಾತ್ರಿಯ ಚಳಿ ಎನ್ನಲಾಗದು, ಅಲ್ಲಿ ಹಗಲೆಂಬುದೇ ಇಲ್ಲ.

ದೂಳಿನ ವಿಚಾರ ಚಂದ್ರನಿಗೆ ಯಾರೂ ಹೋಗುವ ಮುನ್ನವೇ ತಿಳಿದಿತ್ತು ಎಂಬುದನ್ನೂ ಮಕ್ಕಳಿಗೆ ಹೇಳಿ. 1927ರ ಚಂದ್ರಗ್ರಹಣದಲ್ಲಿ ಎಡಿಸನ್ ಪೆಟಿಟ್ ಮತ್ತು ಸೇತ್ ನಿಕೋಲ್ಸನ್ ಎಂಬ ಇಬ್ಬರು ಮೌಂಟ್ ವಿಲ್ಸನ್ ವೀಕ್ಷಣಾಲಯದಿಂದ ಚಂದ್ರನ ಶಾಖವನ್ನು ಅಳೆದರು. 70 ಡಿಗ್ರಿಯ ಹತ್ತಿರವಿದ್ದ ಜಾಗ ಭೂಮಿಯ ನೆರಳಿನೊಳಕ್ಕೆ ಪೂರ್ತಿ ಹೋಗುವಷ್ಟರಲ್ಲಿ ಮೈನಸ್ 100ಕ್ಕೆ ಇಳಿದಿತ್ತು. ಬಂಡೆ ಅಷ್ಟು ಬೇಗ ತಣಿಯುವುದಿಲ್ಲ. 1948ರಲ್ಲಿ ವೆಸೆಲಿಂಕ್ ಎಂಬ ವಿಜ್ಞಾನಿ ಲೆಕ್ಕ ಮಾಡಿ, ನಿರ್ವಾತದಲ್ಲಿರುವ ನುಣ್ಣನೆಯ ಪುಡಿಗೆ ಮಾತ್ರ ಇದು ಸಾಧ್ಯ ಎಂದರು. ಶೀತಟ್ಯಾಂಕ್ ಅವರು ತಮ್ಮ ಟ್ಯಾಂಕ್‌ನಲ್ಲಿ ಕಂಡದ್ದನ್ನು ಅವರು ಗ್ರಹಣದಲ್ಲಿ ಕಂಡರು.

ವಿಜ್ಞಾನ_ಟೀಚರ್

ಹಾಗಾದರೆ ಬಂಡೆಗಳಿರುವ ಜಾಗ ಗ್ರಹಣದಲ್ಲಿ ಬೆಚ್ಚಗೇ ಉಳಿಯಬೇಕಲ್ಲವೇ? ಇದು ನನ್ನದೇ ಪ್ರಶ್ನೆ, ಅವಳದಲ್ಲ.

ದುರ್ಬೀನು

ಖಂಡಿತ ಉಳಿಯುತ್ತದೆ. 1960ರ ಗ್ರಹಣದಲ್ಲಿ ಸುತ್ತಲಿನ ನೆಲವೆಲ್ಲ ತಣ್ಣಗಾದಾಗಲೂ ಟೈಕೊ ಕುಳಿ ಬೆಚ್ಚಗಿದ್ದುದನ್ನು ಅಳೆದು ಕಂಡುಕೊಂಡರು. ಟೈಕೊ ಚಂದ್ರನ ಲೆಕ್ಕದಲ್ಲಿ ಹೊಸ ಕುಳಿ. ಅಲ್ಲಿ ಎದ್ದು ಬಿದ್ದ ಬಂಡೆಗಳು ಇನ್ನೂ ನುರಿದು ಪುಡಿಯಾಗಿಲ್ಲ. ಗಟ್ಟಿ ಬಂಡೆ ಶಾಖವನ್ನು ಒಳಗೆ ಇಳಿಸಿಕೊಂಡು ತಡವಾಗಿ ಬಿಡುತ್ತದೆ.

ಹುಣ್ಣಿಮೆಯ ರಾತ್ರಿ ಮಕ್ಕಳ ಕೈಗೆ ಬೈನಾಕ್ಯುಲರ್ ಕೊಟ್ಟು ಚಂದ್ರನ ದಕ್ಷಿಣ ಭಾಗವನ್ನು ನೋಡಲು ಹೇಳಿ. ಒಂದು ಬಿಳಿಯ ಚುಕ್ಕಿಯಿಂದ ಸುತ್ತಲೂ ಉದ್ದುದ್ದ ಬಿಳಿ ಗೆರೆಗಳು ಹೊರಟಿರುತ್ತವೆ. ಆ ಚುಕ್ಕಿಯೇ ಟೈಕೊ.